ಹಣ್ಣು ಮುಗಿದ ಮೇಲೆ

ನಮ್ಮ ಸಕಲೇಶಪುರದ ಕಡೆ ಡಿಸೆಂಬರ್ ತಿಂಗಳಲ್ಲಿ ಯಾರಿಗೂ ಕಾಯಿಲೆ ಬರುವುದಿಲ್ಲ. ಹಲ್ಲು ನೋಯುವುದಿಲ್ಲ, ಸಕ್ಕರೆ ಏರುವುದಿಲ್ಲ, ಮಂಡಿ ಹಿಡಿಯುವುದಿಲ್ಲ. ಕಾಫಿ ಕುಯ್ಲು ನಡೆಯುವಾಗ ಕಾಯಿಲೆಗಳಿಗೂ ರಜೆ. ಏನು ಕೇಳಿದರೂ ಒಂದೇ ಉತ್ತರ: "ಹಣ್ಣು ಮುಗೀಲಿ." ಹುಡುಗಿ ನೋಡಲು ಬರುತ್ತೇವೆ ಎಂದವರಿಗೂ ಅದೇ, ಕಣ್ಣಿನ ಪೊರೆ ತೆಗೆಸಬೇಕಾದ ಅಜ್ಜಿಗೂ ಅದೇ. ನಾನು ಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದೇನೆ. ಹೆಸರು ಸುಚಿತ್ರಾ. ಡಿಸೆಂಬರಿನಲ್ಲಿ ನೊಣ ಹೊಡೆಯುತ್ತ ಕೂತಿರುತ್ತೇನೆ, ಮಾರ್ಚ್ ಬಂತೆಂದರೆ ಊಟಕ್ಕೆ ಏಳಲೂ ಬಿಡುವಿರುವುದಿಲ್ಲ.

ಮುಂಚೆ ಈ ಮಾತು ಕೇಳಿದರೆ ನಗುತ್ತಲೇ ಬೈಯುತ್ತಿದ್ದೆ. ಈಗ ಯಾರಾದರೂ ನನ್ನೆದುರು "ಹಣ್ಣು ಮುಗೀಲಿ" ಅಂದರೆ ಮೈ ಉರಿಯುತ್ತದೆ. ಅದಕ್ಕೆ ಕಾರಣ ಹಾನುಬಾಳು ಕಡೆಯ ಕುಳ್ಳಯ್ಯ. ಅರ್ಧ ಕಾರಣ ನಾನೇ, ಅದನ್ನೂ ಮುಚ್ಚಿಡುವುದಿಲ್ಲ.

ಹೆಸರು ಕುಳ್ಳಯ್ಯ, ಆಳು ಆರಡಿ. ಯೋಗಾನಂದ ಗೌಡರ ಎಸ್ಟೇಟಿನಲ್ಲಿ ಆಳುಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಹೆಂಡತಿ ಚೌಡಮ್ಮನ ಜೊತೆ ಇಪ್ಪತ್ತೈದು ವರ್ಷದಿಂದ ಇದ್ದಾನೆ. ನೆರಳಿನ ಮರದ ಕೊಂಬೆ ಸವರುವ ಕಪಾತು, ಔಷಧಿ ಹೊಡೆಯುವುದು ಎಲ್ಲ ಬರುತ್ತದೆ, ಆದರೆ ಅವನಿಗೆ ಹೆಸರು ಬಂದದ್ದು ಬೋರರ್ ಹುಡುಕುವುದರಲ್ಲಿ. ಬೋರರ್ ಎಂದರೆ ಅರೇಬಿಕಾ ಕಾಫಿ ಗಿಡದ ಕಾಂಡ ಕೊರೆಯುವ ಹುಳ. ಹೊರಗೆ ಎಲೆ ಹಸಿರಾಗಿರುತ್ತದೆ, ಕಾಯಿ ಗೊಂಚಲು ಗೊಂಚಲಾಗಿರುತ್ತದೆ, ಒಳಗೆ ಕಾಂಡ ಟೊಳ್ಳಾಗುತ್ತಿರುತ್ತದೆ. ಗುರುತು ಒಂದೇ: ಸಿಪ್ಪೆಯ ಮೇಲೆ ಉಗುರಿಗೆ ತಗಲುವಷ್ಟು ಉಬ್ಬಿದ ಒಂದು ಗೆರೆ. ಬೇರೆಯವರು ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕುತ್ತಾರೆ. ಕುಳ್ಳಯ್ಯ ಬುಡದಿಂದ ಮೇಲಕ್ಕೆ ಒಮ್ಮೆ ಕೈ ಸವರಿದರೆ ಮುಗಿಯಿತು. ಗೆರೆ ಸಿಕ್ಕಿದ ಗಿಡವನ್ನು ಅಲ್ಲೇ ಬೇರುಸಹಿತ ಕಿತ್ತು, ಸಾಲಿನ ಕೊನೆಗೆ ಒಯ್ದು ಸುಡುವುದು. ಅದಕ್ಕೆ ಬೇರೆ ಮದ್ದಿಲ್ಲ.

ಈ ಕೆಲಸ ವರ್ಷಕ್ಕೆ ಎರಡು ಸಲ, ಹುಳ ರೆಕ್ಕೆ ಬಂದು ಹೊರಗೆ ಹಾರುವ ಮುಂಚೆ ನಡೆಯಬೇಕು. ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ. ಸೆಪ್ಟೆಂಬರಿನಲ್ಲಿ ಗಿಡದ ತುಂಬ ಕಾಯಿ ಇರುತ್ತದೆ, ತೊಂದರೆ ಅಲ್ಲೇ. ಒಂದು ವರ್ಷ ಗೌಡರು ನಾಲ್ಕು ಸಾಲು ಗಿಡದ ಮುಂದೆ ಅಡ್ಡ ನಿಂತರಂತೆ.

"ಇವು ಇರ್ಲಿ ಬಿಡೋ ಕುಳ್ಳ, ಕಾಯಿ ನೋಡು ಹೆಂಗೈತೆ. ಹಣ್ಣು ಮುಗಿದ್ಮೇಲೆ ಕೀಳಾನ."

"ಹಣ್ಣು ಮುಗಿಯೋ ಹೊತ್ಗೆ ಹುಳ ರೆಕ್ಕೆ ಕಟ್ಕಂಡು ಹಾರೋಗ್ಬುಟ್ಟಿರ್ತದೆ ಗೌಡ್ರೆ. ಆಮೇಲೆ ನಾವು ಬರೀ ಸೌದೆ ಕೀಳೋದು," ಅಂದನಂತೆ ಕುಳ್ಳಯ್ಯ. ಅಂದವನು ಗೌಡರು ನೋಡುತ್ತಿದ್ದ ಹಾಗೆಯೇ ಕಿತ್ತನಂತೆ. ಗೌಡರು ಎರಡು ದಿನ ಮಾತು ಬಿಟ್ಟರು. ಮುಂದಿನ ವರ್ಷ ಪಕ್ಕದ ಎಸ್ಟೇಟಿನಲ್ಲಿ ಒಂದು ಇಡೀ ಬ್ಲಾಕ್ ಹೋಯಿತು, ಇವರದು ಉಳಿಯಿತು. ಆಮೇಲೆ ಸುತ್ತಲ ಎಸ್ಟೇಟಿನವರೆಲ್ಲ ಬೋರರ್ ನೋಡುವುದಕ್ಕೆ ಇವನನ್ನೇ ಕೇಳಿಕೊಂಡು ಬರುವಂತಾಯಿತು.

ಇಂಥ ಕುಳ್ಳಯ್ಯ ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ಡಾಕ್ಟರ ಚೀಟಿ ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದ. ಎಡಗಡೆ ಪಕ್ಕೆಯ ಕೆಳಗೆ ಏನೋ ಭಾರ, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಅನ್ನಿಸುವುದು, ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಮೈ ಇಳಿದದ್ದು. ನಾನು ಮಾಮೂಲಿನಂತೆ ರಕ್ತ ತೆಗೆದು ಯಂತ್ರಕ್ಕೆ ಇಟ್ಟೆ. ಬಿಳಿ ರಕ್ತಕಣ ಹೆಚ್ಚೆಂದರೆ ಹನ್ನೊಂದು ಸಾವಿರ ಇರಬೇಕು. ಯಂತ್ರ ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ತೋರಿಸಿತು.

ಯಂತ್ರ ಕೆಟ್ಟಿದೆ ಅಂದುಕೊಂಡೆ. ನನ್ನ ರಕ್ತವನ್ನೇ ಇಟ್ಟು ನೋಡಿದೆ, ಸರಿಯಾಗಿತ್ತು. ಅವನದನ್ನು ಮತ್ತೆ ಇಟ್ಟೆ. ಅದೇ ಲೆಕ್ಕ. ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಲ್ಲೊಂದು ಇಲ್ಲೊಂದು ಕಾಣಬೇಕಾದ ಬಿಳಿ ಕಣಗಳು ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದವು. ಬೆಳೆದವು, ಅರೆಬೆಳೆದವು, ಮೂಳೆಯೊಳಗಿಂದ ಹೊರಗೆ ಬರಲೇಬಾರದ ಎಳೆಯವು. ಹೊರಗೆ ಬೆಂಚಿನ ಮೇಲೆ ಅವನು ಬಾಳೆಹಣ್ಣು ಸುಲಿದುಕೊಂಡು ಆರಾಮಾಗಿ ಕೂತಿದ್ದ. ಏನೂ ಗೊತ್ತಿಲ್ಲದ ಮನುಷ್ಯನ ಮುಂದೆ ಎಲ್ಲ ಗೊತ್ತಿರುವವಳು ಹೋಗಿ ನಿಲ್ಲುವ ಕಷ್ಟ ನನ್ನ ಶತ್ರುವಿಗೂ ಬೇಡ.

"ಏನೈತೆ ಸುಚಿತ್ರಮ್ಮ?" ಅಂದ.

"ಹಾಸನದಲ್ಲಿ ರಕ್ತದ ಡಾಕ್ಟರಿಗೆ ತೋರಿಸಬೇಕು ಕುಳ್ಳಯ್ಯಣ್ಣ. ನಾಳೆಯೇ."

ಅವನು ಬಾಳೆಹಣ್ಣನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದ. ಗಿಡ ನೋಡಿ ನೋಡಿ ಪಳಗಿದ ಕಣ್ಣು ಅದು.

ಡಾಕ್ಟರ ಮಾತು ತಮಗೆ ಅರ್ಥವಾಗುವುದಿಲ್ಲ ಎಂದು ಗಂಡ ಹೆಂಡತಿ ನನ್ನನ್ನೂ ಹಾಸನಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಅವಸರದವರಲ್ಲ. ಇದು ರಕ್ತದ ಕ್ಯಾನ್ಸರಿನ ಒಂದು ಬಗೆ ಇರಬಹುದು, ನಿಧಾನವಾಗಿ ಬೆಳೆಯುವಂಥದ್ದು, ಆದರೆ ಹೌದೋ ಅಲ್ಲವೋ ಎಂದು ಹೇಳಬೇಕಾದರೆ ಜೀನ್ ಪರೀಕ್ಷೆ ಆಗಬೇಕು ಎಂದರು. ಕ್ಯಾನ್ಸರ್ ಎಂಬ ಶಬ್ದ ಬಿದ್ದ ಕೂಡಲೇ ಚೌಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಕ್ತ ಬೆಂಗಳೂರಿಗೆ ಹೋಯಿತು. ಹನ್ನೆರಡು ದಿನದ ಮೇಲೆ ಕಾಗದ ಬಂತು: ಅದೇ ಹೌದು.

ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಮೈಯ ಒಂದೊಂದು ಕಣದಲ್ಲೂ ಸಣ್ಣ ಸಣ್ಣ ಎಳೆಗಳಿವೆ, ಜೋಡಿ ಜೋಡಿಯಾಗಿ, ಅವಕ್ಕೆ ನಂಬರು ಇದೆ. ಇವನ ರಕ್ತದಲ್ಲಿ ಒಂಬತ್ತನೆಯ ಎಳೆಯ ತುದಿಯೂ ಇಪ್ಪತ್ತೆರಡನೆಯ ಎಳೆಯ ತುದಿಯೂ ಮುರಿದು ಅದಲುಬದಲಾಗಿ ಅಂಟಿಕೊಂಡಿವೆ. ಹಾಗೆ ಅಂಟಿದ ಕಡೆ ಇರಬಾರದ ಒಂದು ಜೀನ್ ಹುಟ್ಟಿದೆ. ಬಿಳಿ ಕಣಗಳಿಗೆ ಅದು ಹಗಲೂ ರಾತ್ರಿ ಹೆಚ್ಚಿರಿ, ಹೆಚ್ಚಿರಿ ಎಂದು ಹೇಳುತ್ತಲೇ ಇರುತ್ತದೆ. ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಅದರ ಬಾಯಿ ಕಟ್ಟುವುದಕ್ಕೆ ಒಂದು ಗುಳಿಗೆ ಇದೆ. ದಿನಕ್ಕೊಂದು, ಊಟದ ಜೊತೆ, ತಪ್ಪದೆ. ಮೂರು ತಿಂಗಳಿಗೊಮ್ಮೆ ಅದೇ ಜೀನಿನ ಪರೀಕ್ಷೆ ಮಾಡಿ, ಕೆಟ್ಟ ಜೀನ್ ಎಷ್ಟು ಉಳಿದಿದೆ ಎಂದು ನೂರರ ಲೆಕ್ಕದಲ್ಲಿ ನೋಡುತ್ತಾರೆ. ಈಗ ಅರವತ್ತೆರಡು ಇದೆ.

ಕುಳ್ಳಯ್ಯ ಕೇಳಿದ. "ಅಂದ್ರೆ ನೂರು ಗಿಡಕ್ಕೆ ಅರವತ್ತೆರಡು ಬೋರರ್ ಗಿಡ ಅಂದಂಗೆ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಬೋರರ್ ಎಂದರೇನು ಎಂದು ಹೇಳಿದೆ. "ಹೌದು, ಹೆಚ್ಚುಕಡಿಮೆ ಹಾಗೇ," ಎಂದರು.

"ಹಂಗಾದ್ರೆ ಕಿತ್ತು ಸುಡೋದೇಯಾ ಸ್ವಾಮಿ, ನನ್ನ?"

ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಡಾಕ್ಟರು ಮೇಜಿನಿಂದ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಕೀಳುವುದು ಬೇಡ, ಗಿಡದಲ್ಲೇ ಹುಳ ಸಾಯುತ್ತದೆ, ಗುಳಿಗೆ ಮಾತ್ರ ತಪ್ಪಬಾರದು, ಪರೀಕ್ಷೆ ತಪ್ಪಬಾರದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಕುಳ್ಳಯ್ಯ ದಾರಿಯುದ್ದಕ್ಕೂ ತನ್ನ ಎಡ ಮೊಣಕೈಯಿಂದ ಮುಂಗೈವರೆಗೆ ಬಲಗೈ ಸವರುತ್ತಲೇ ಇದ್ದ. ಚೌಡಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು.

ಹೆದರಬಾರದು, ಧೈರ್ಯ ಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲ ವರ್ಷ ಕುಳ್ಳಯ್ಯನನ್ನು ಉಳಿಸಿದ್ದು ಗುಳಿಗೆಯ ಜೊತೆ ಹೆದರಿಕೆ. ಪ್ರತಿ ಸಲ ಹಾಸನಕ್ಕೆ ಅಲೆಯುವುದು ಬೇಡ ಎಂದು ಪರೀಕ್ಷೆಯ ರಕ್ತವನ್ನು ನಾನೇ ಇಲ್ಲಿ ತೆಗೆದು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ, ಐಸ್ ಪೆಟ್ಟಿಗೆಯಲ್ಲಿಟ್ಟು ಸಂಜೆಯ ವ್ಯಾನಿಗೆ ಕೊಡುತ್ತಿದ್ದೆ. ಎರಡು ದಿನದೊಳಗೆ ಬೆಂಗಳೂರು ಮುಟ್ಟದಿದ್ದರೆ ಪರೀಕ್ಷೆಗೆ ಬರುವುದಿಲ್ಲ. ಖರ್ಚು ಗೌಡರು ನೋಡಿಕೊಂಡರು. ಆ ಡಿಸೆಂಬರಿನಲ್ಲೂ ಅವನು ಕುಯ್ಲು ಬಿಟ್ಟು ಬಂದ. ಅರವತ್ತೆರಡು ಎಂಟಕ್ಕೆ ಇಳಿದಿತ್ತು. ಮಾರ್ಚಿನಲ್ಲಿ ಒಂದಕ್ಕೂ ಕಡಿಮೆ. ಅದರ ಮುಂದಿನ ಸೆಪ್ಟೆಂಬರಿನಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ ಏಳು. ನಾನು ಖುಷಿಗೆ ಲ್ಯಾಬಿನ ಹುಡುಗಿಯರಿಗೆಲ್ಲ ಟೀ ತರಿಸಿದೆ.

"ಹಂಗಂದ್ರೆ ಎಷ್ಟು ಗಿಡ?" ಎಂದು ಕೇಳಿದ ಕುಳ್ಳಯ್ಯ.

"ಹತ್ತು ಸಾವಿರಕ್ಕೆ ಏಳು."

"ಏಳು ಗಿಡ ಸಾಕು ಕಣಮ್ಮ, ಒಂದು ಎಸ್ಟೇಟ್ ತಿನ್ನಾಕೆ," ಅಂದ. ಆದರೆ ಅನ್ನುವಾಗ ನಗುತ್ತಿದ್ದ. ಮುಖದಲ್ಲಿ ಮಾಂಸ ತುಂಬಿಕೊಂಡಿತ್ತು, ಪಕ್ಕೆಯ ಭಾರ ಹೋಗಿತ್ತು. ಹೆದರಿಕೆಯೂ ಅದರ ಜೊತೆಗೇ ಹೋಗಿತ್ತು, ಅದನ್ನು ನಾನು ಗಮನಿಸಲಿಲ್ಲ.

ಆ ವರ್ಷ ಫಸಲು ಜೋರು. ಆಳು ಸಿಗದೆ ಎಲ್ಲ ಎಸ್ಟೇಟಿನವರೂ ಒದ್ದಾಡುತ್ತಿದ್ದರು. ಡಿಸೆಂಬರಿನ ಪರೀಕ್ಷೆಯ ದಿನ ದಾಟಿ ಮೂರು ದಿನವಾದರೂ ಕುಳ್ಳಯ್ಯ ಬರಲಿಲ್ಲ. ನಾನು ಫೋನ್ ಮಾಡಿದೆ. ಮಾಡಿದ್ದು ಲ್ಯಾಬಿನಿಂದಲ್ಲ, ಆಲೂರಿನ ಹತ್ತಿರ ನನ್ನ ತಮ್ಮನ ಎರಡೆಕರೆ ತೋಟದಿಂದ. ಅವನಿಗೂ ಆಳಿಲ್ಲದೆ ನಾನೇ ರಜೆ ಹಾಕಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯುತ್ತಿದ್ದೆ.

"ಕೈ ಬಿಡುವಿಲ್ಲ ಸುಚಿತ್ರಮ್ಮ, ಹಣ್ಣೆಲ್ಲ ಉದುರ್ತಾ ಐತೆ," ಅಂದ ಕುಳ್ಳಯ್ಯ.

ನನ್ನ ಕಾಲ ಬುಡದಲ್ಲೂ ಉದುರಿದ ಹಣ್ಣಿತ್ತು. "ಆಯ್ತು ಬಿಡು, ಹಣ್ಣು ಮುಗಿಸ್ಕೊಂಡು ಬಾ," ಅಂದೆ. ಹೌದು, ನಾನೇ ಅಂದದ್ದು. ಹತ್ತೊಂಬತ್ತು ವರ್ಷ ಜನರಿಗೆ ಬೈದುಕೊಂಡು ಬಂದ ಬಾಯಿ ಇದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅವನು ಬಂದದ್ದು ಮಾರ್ಚ್ ಮೊದಲ ವಾರ. ರಿಪೋರ್ಟ್ ಲ್ಯಾಬಿನ ಕಂಪ್ಯೂಟರಿಗೆ ಬಂದ ದಿನ ತೆರೆದು ನೋಡಿದೆ, ಮುಚ್ಚಿದೆ, ಮತ್ತೆ ತೆರೆದೆ. ಮೂರು ಪಾಯಿಂಟ್ ಎಂಟು. ಹತ್ತು ಸಾವಿರಕ್ಕೆ ಏಳಿದ್ದದ್ದು ಮುನ್ನೂರ ಎಂಬತ್ತಾಗಿತ್ತು.

ಹಾಸನದಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಗುಳಿಗೆ ಏನಾದರೂ ತಪ್ಪಿಸಿದಿರಾ?"

"ಇಲ್ಲ ಸ್ವಾಮಿ."

"ಒಂದು ದಿನವೂ?"

"ಒಂದಿನಾನೂ ಇಲ್ಲ." ಚೌಡಮ್ಮ ಹೂಂ ಎಂದು ತಲೆಯಾಡಿಸಿದಳು. ದಿನವೂ ಊಟದ ತಟ್ಟೆಯ ಪಕ್ಕ ಗುಳಿಗೆ ಇಡುತ್ತಿದ್ದವಳು ಅವಳೇ.

ಡಾಕ್ಟರ ಮುಖ ಗಂಭೀರವಾಯಿತು. ಗುಳಿಗೆ ಸರಿಯಾಗಿ ನುಂಗಿಯೂ ಲೆಕ್ಕ ಏರಿದ್ದರೆ ಒಂದು ಅನುಮಾನವಿದೆ ಎಂದರು. ಗುಳಿಗೆ ಹೋಗಿ ಹಿಡಿದುಕೊಳ್ಳುವ ಜಾಗವನ್ನೇ ಆ ಕೆಟ್ಟ ಜೀನ್ ಬದಲಾಯಿಸಿಕೊಂಡಿರಬಹುದು. ಬೀಗ ಬದಲಾದ ಮೇಲೆ ಹಳೆ ಕೀಲಿ ತಿರುಗುವುದಿಲ್ಲ. ಕೆಲವು ಬದಲಾವಣೆಗೆ ಬೇರೆ ಗುಳಿಗೆ ಇದೆ. ಒಂದು ಬದಲಾವಣೆ ಮಾತ್ರ ಇದೆ, ಅದಕ್ಕೆ ಹೆಚ್ಚಿನ ಗುಳಿಗೆಗಳು ನಾಟುವುದೇ ಇಲ್ಲ. ಅದನ್ನು ನೋಡಲು ಇನ್ನೊಂದು ಜೀನ್ ಪರೀಕ್ಷೆ ಆಗಬೇಕು. ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಇದೇ ಗುಳಿಗೆ ನಡೆಯಲಿ ಎಂದರು.

ಆ ಮೂರು ವಾರ ಹೇಗೆ ಕಳೆಯಿತು ಎಂದು ಕೇಳಬೇಡಿ. ಮೊದಲ ವಾರ ಚೌಡಮ್ಮ ದಿನಾ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡಿ "ಬಂತಾ ಅಕ್ಕಾ?" ಅನ್ನುತ್ತಿದ್ದಳು. ಬರಲಿಲ್ಲ ಅಂದರೆ "ಆಯ್ತು" ಎಂದು ಇಟ್ಟುಬಿಡುತ್ತಿದ್ದಳು. ಎರಡನೇ ವಾರದಿಂದ ಫೋನ್ ನಿಂತಿತು. ಅದು ಇನ್ನೂ ಕಷ್ಟವಾಯಿತು. ಹತ್ತು ಗಂಟೆಗೆ ನನ್ನ ಕಣ್ಣು ತಾನಾಗಿಯೇ ಫೋನಿನ ಕಡೆ ಹೋಗುತ್ತಿತ್ತು. ಬೇರೆಯವರ ತೋಳಿಗೆ ಸೂಜಿ ಹಿಡಿದಾಗ ಡಿಸೆಂಬರಿನ ನನ್ನ ಮಾತು ನೆನಪಾಗುತ್ತಿತ್ತು. ಹಾನುಬಾಳಿನಿಂದ ಬಂದವರು ಹೇಳಿದರು, ಕುಳ್ಳಯ್ಯ ಬೋರರ್ ನೋಡುವ ಕೆಲಸಕ್ಕೆ ಹೋಗುತ್ತಿದ್ದಾನೆ, ಆದರೆ ಯಾರ ಜೊತೆಯೂ ಮಾತಿಲ್ಲ, ಮಧ್ಯಾಹ್ನದ ಬುತ್ತಿ ಹಾಗೇ ವಾಪಸು ಬರುತ್ತದೆ ಎಂದು.

ಇಪ್ಪತ್ತನೆಯ ದಿನ ರಿಪೋರ್ಟ್ ಬಂತು. ನಾಲ್ಕು ಹಾಳೆ ಇಂಗ್ಲಿಷು. ಬದಲಾವಣೆ ಕಂಡುಬಂದಿಲ್ಲ ಎಂದು ಕೊನೆಯಲ್ಲಿ ಇತ್ತು. ನಂಬಲಾಗದೆ ಮೂರು ಸಲ ಓದಿ ಡಾಕ್ಟರಿಗೆ ಫೋನ್ ಮಾಡಿದೆ.

"ಹಾಗಾದರೆ ಗುಳಿಗೆ ಹೊಟ್ಟೆಗೆ ಹೋಗಿಲ್ಲ ಅನ್ನುವುದೇ ನನ್ನ ಅನುಮಾನ," ಎಂದರು ಅವರು. "ಅವರು ನನಗೆ ಸುಳ್ಳು ಹೇಳಿದ್ದರೆ ನನಗೆ ಸಂತೋಷ. ಅದೇ ಗುಳಿಗೆ ಸರಿಯಾಗಿ ನುಂಗಿದರೆ ಲೆಕ್ಕ ಇಳಿಯುತ್ತದೆ. ಅವರು ಹೇಳಿದ್ದು ನಿಜವೇ ಆಗಿದ್ದರೆ ಬೇರೆ ಗುಳಿಗೆಗೆ ಹೋಗಬೇಕು, ಅದರಿಂದ ಹೃದಯಕ್ಕೆ ತೊಂದರೆಯಾಗುವ ಸಂಭವವೂ ಇದೆ. ನಾಳೆ ಒಳಗೆ ನನಗೆ ನಿಜ ಬೇಕು. ನೀವೇ ಕೇಳಿ. ಫೋನಿನಲ್ಲಿ ಕೇಳಬೇಡಿ, ಮುಖ ನೋಡಿ ಕೇಳಿ."

ಮಧ್ಯಾಹ್ನದ ಬಸ್ಸು ಹಿಡಿದು ಹಾನುಬಾಳಿಗೆ ಹೋದೆ. ಅಲ್ಲಿಂದ ಎಸ್ಟೇಟಿನ ಸ್ಟೋರ್‌ವರೆಗೆ ಜೀಪು, ಆಮೇಲೆ ನಡಿಗೆ. ವಾರದ ಹಿಂದೆ ಮಳೆ ಬಿದ್ದು ಗಿಡಗಳೆಲ್ಲ ಹೂ ಬಿಟ್ಟಿದ್ದವು. ಆ ವಾಸನೆಗೆ ಯಾವ ವರ್ಷವೂ ನಿಂತು ಉಸಿರೆಳೆದುಕೊಳ್ಳುವವಳು ನಾನು. ಅವತ್ತು ನಿಲ್ಲದೆ ನಡೆದೆ.

ಒಂದು ವಿಷಯ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಒಳ್ಳೆಯ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತಾರೆ, ಸಾವಿನ ಸುದ್ದಿಗೆ ಆಳು ಕಳಿಸುತ್ತಾರೆ. ಮೊಬೈಲು ಬಂದು ಇಷ್ಟು ವರ್ಷವಾದರೂ ಹಳಬರು ಅದನ್ನು ಬಿಟ್ಟಿಲ್ಲ. ಕೆಳಗಿನ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಚೌಡಮ್ಮ ನಾನು ನಡೆದು ಬರುವುದನ್ನು ನೋಡಿದಳು. ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೇಲಿನ ಸಾಲಿನಲ್ಲಿದ್ದ ಕುಳ್ಳಯ್ಯನ ಕೈ ಒಂದು ಗಿಡದ ಕಾಂಡದ ಮೇಲೆ ನಿಂತಿತು. ಆಮೇಲೆ ನನ್ನ ಕಡೆಗೆ ಬೆನ್ನು ಮಾಡಿ ಮುಂದಿನ ಗಿಡಕ್ಕೆ ಹೋದ.

"ಕುಳ್ಳಯ್ಯಣ್ಣ," ಎಂದು ಕರೆದೆ.

"ಈ ಸಾಲು ಮುಗೀಲಿ ಸುಚಿತ್ರಮ್ಮ, ಆಮೇಲೆ ಹೇಳೀರಂತೆ."

ಮೂರು ವಾರ ಹಿಡಿದಿಟ್ಟುಕೊಂಡದ್ದೆಲ್ಲ ನನ್ನ ಬಾಯಿಗೆ ಬಂತು. "ಹಣ್ಣು ಮುಗೀಲಿ, ಸಾಲು ಮುಗೀಲಿ, ನೀನು ಮುಗಿದ ಮೇಲೆ ಹೇಳಲಾ ನಾನು? ಬದಲಾವಣೆ ಇಲ್ಲ ಅಂತ ಬಂದಿದೆ. ಕೇಳಿಸ್ತಾ? ಬೀಗ ಬದಲಾಗಿಲ್ಲ. ಹಾಗಾದರೆ ಲೆಕ್ಕ ಯಾಕೆ ಏರಿತು, ಅದನ್ನ ನೀನು ಹೇಳಬೇಕು. ಡಾಕ್ಟರಿಗೆ ನಿಜ ಬೇಕು. ಇಲ್ಲದಿದ್ದರೆ ನಾಳೆಯಿಂದ ಬೇಡದ ಗುಳಿಗೆ ನುಂಗಿ ಇನ್ನೊಂದು ಕಡೆಯಿಂದ ಸಾಯ್ತೀಯ."

ಅವನು ತಿರುಗಿದ. "ಬನ್ನಿ" ಎಂದು ಸಾಲಿನೊಳಗೆ ನಡೆದ. ಚೌಡಮ್ಮನೂ ಎದ್ದು ಹಿಂದೆ ಬಂದಳು. ಹತ್ತು ಗಿಡ ದಾಟಿ ಒಂದರ ಮುಂದೆ ನಿಂತು ನನ್ನ ಕೈ ಹಿಡಿದು ಅದರ ಕಾಂಡದ ಮೇಲೆ ಇಟ್ಟ. ಮೇಲೆ ರೆಂಬೆ ಕಾಣದ ಹಾಗೆ ಬೆಳ್ಳಗೆ ಹೂ. ನನ್ನ ಬೆರಳಿಗೆ ಉಬ್ಬಿದ ಗೆರೆ ತಗಲಿತು.

"ಈ ಬ್ಲಾಕಲ್ಲಿ ಇಂಥವು ಹನ್ನೊಂದು ಬುಟ್ಟಿವ್ನಿ," ಅಂದ. "ಇಪ್ಪತ್ತೈದು ವರ್ಷಕ್ಕೆ ಒಂದು ಗಿಡ ಬುಟ್ಟೋನಲ್ಲ. ಈ ಸತಿ ಕೈ ಬರ್ನಿಲ್ಲ. ಹೂ ಬುಟ್ಟೈತೆ, ಇರ್ಲಿ, ಇನ್ನೊಂದು ಫಸಲು ಕೊಟ್ಟು ಹೋಗ್ಲಿ ಅನ್ನುಸ್ತು. ಕಿತ್ರೆ ನನ್ನೇ ಕಿತ್ತಂಗಾಯ್ತದೆ ಅಂತ ಹೆದರ್ಕೆ ಆಯ್ತು."

"ಗುಳಿಗೆ?" ಅಂದೆ.

"ನುಂಗಿಲ್ಲ." ಅವನು ನನ್ನನ್ನಲ್ಲ, ಚೌಡಮ್ಮನನ್ನು ನೋಡಿ ಹೇಳಿದ. "ಅದು ನುಂಗಿದ್ರೆ ವಾಂತಿ ಬಂದಂಗೆ ಆಯ್ತದೆ, ಮೀನಖಂಡ ಹಿಡ್ಕಂತದೆ. ಮೂಟೆ ಹೊತ್ಕಂಡು ಏರು ಹತ್ತಾಕೆ ಆಯ್ತಿರ್ನಿಲ್ಲ. ಹಣ್ಣು ಮುಗಿಯೋಗಂಟ ದಿನ ಬುಟ್ಟು ದಿನ ನುಂಗಾನ ಅಂದ್ಕಂಡೆ. ಆಮೇಲೆ ಭಾನ್ವಾರಕ್ಕೊಂದು. ಆಮೇಲೆ ಅದೂ ಇಲ್ಲ. ಇವ್ಳು ತಟ್ಟೇಲಿಟ್ಟದ್ನ ಸೊಂಟದ ಚೀಲಕ್ಕೆ ಹಾಕ್ಕಂತಿದ್ದೆ."

"ಡಾಕ್ಟ್ರು ಕೇಳ್ದಾಗ ಯಾಕೆ ಹೇಳ್ನಿಲ್ಲ?" ಎಂದಳು ಚೌಡಮ್ಮ.

"ಯಾವ ಬಾಯಲ್ಲಿ ಹೇಳ್ಲಿ? ಗೌಡ್ರಿಗೆ ಅಂದೋನು ನಾನು, ಹಣ್ಣು ಮುಗಿಯೋಗಂಟ ಬುಟ್ರೆ ಹುಳ ಹಾರೋಯ್ತದೆ ಅಂತ."

ಚೌಡಮ್ಮ ಹತ್ತಿರ ಹೋಗಿ ಅವನ ಎದೆಗೆ ಎರಡು ಕೈಯಿಂದಲೂ ಗುದ್ದಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲ ಕೈ ಅಲ್ಲೇ ನಿಂತಿತು, ಹಣೆ ಅವನ ಎದೆಗೆ ಒತ್ತಿಕೊಂಡು ಅತ್ತಳು. ಆರಡಿ ಆಳು ಹೇಗೆ ನಿಲ್ಲಬೇಕೆಂದು ಗೊತ್ತಾಗದೆ ನಿಂತಿದ್ದ. ನಾನು ಹೇಳಲೇಬೇಕಾದ್ದು ಇನ್ನೊಂದಿತ್ತು.

"ಹಣ್ಣು ಮುಗಿಸ್ಕೊಂಡು ಬಾ ಅಂದವಳು ನಾನು, ಚೌಡಮ್ಮ. ಡಿಸೆಂಬರಿನಲ್ಲಿ ರಕ್ತ ತೆಗೆದಿದ್ದರೆ ಆಗಲೇ ಸಿಕ್ಕಿಬೀಳುತ್ತಿದ್ದ. ಬೈಯುವುದಿದ್ದರೆ ನನಗೂ ಬೈಯಿ."

ಅವಳು ಬೈಯಲಿಲ್ಲ. ಮುಖ ಒರೆಸಿಕೊಂಡು, "ಗುದ್ಲಿ ಎಲ್ಲೈತೆ?" ಎಂದು ಗಂಡನನ್ನು ಕೇಳಿದಳು.

ಹನ್ನೊಂದು ಗಿಡವನ್ನೂ ಅವತ್ತೇ ಕಿತ್ತರು. ಅವಳು ಬುಡ ಬಿಡಿಸುವುದು, ಅವನು ಎಳೆಯುವುದು. ಸಾಲಿನ ಕೊನೆಗೆ ಎಳೆದು ತರುವ ಕೆಲಸ ನನ್ನದಾಯಿತು. ಒಂದನ್ನು ಕತ್ತಿಯಿಂದ ಸೀಳಿ ತೋರಿಸಿದ. ಒಳಗೆ ಹುಳ ರೆಕ್ಕೆ ಮೂಡಿಸಿಕೊಂಡು ಕೂತಿತ್ತು. ಇನ್ನೊಂದು ಹತ್ತು ದಿನವಾಗಿದ್ದರೆ ಹಾರುತ್ತಿತ್ತು. ಬೆಂಕಿ ಹಚ್ಚುವಾಗ ಅವನು ಗೀರಿದ ಮೂರು ಕಡ್ಡಿಯೂ ಆರಿಹೋದವು. ನಾಲ್ಕನೆಯದನ್ನು ಚೌಡಮ್ಮ ಗೀರಿದಳು. ಹೂ ಸಹಿತ ಹಸಿ ಗಿಡ ಸುಲಭಕ್ಕೆ ಹತ್ತಿಕೊಳ್ಳಲಿಲ್ಲ, ಬಹಳ ಹೊತ್ತು ಹೊಗೆಯಾಡಿತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿದೆ.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಡಾಕ್ಟರು ಬೈಯಲಿಲ್ಲ, ಮೀನಖಂಡ ಹಿಡಿಯುವುದಕ್ಕೆ, ವಾಂತಿಗೆ ಬೇರೆ ಮದ್ದು ಕೊಟ್ಟರು, ಮೊದಲೇ ಹೇಳಿದ್ದರೆ ಆಗಲೇ ಕೊಡುತ್ತಿದ್ದೆ ಎಂದರು. ಬಿಟ್ಟ ದಿನಗಳಲ್ಲಿ ಒಳಗೆ ಏನೇನು ನಡೆದಿದೆಯೋ ಈಗಲೇ ಪೂರ್ತಿ ಗೊತ್ತಾಗುವುದಿಲ್ಲ, ಪರೀಕ್ಷೆ ಮಾಡುತ್ತ ಹೋಗಬೇಕು ಎಂದೂ ಅಂದರು. ಈಗ ಚೌಡಮ್ಮ ಗುಳಿಗೆಯನ್ನು ತಟ್ಟೆಯ ಪಕ್ಕ ಇಡುವುದಿಲ್ಲ. ತಾನೇ ಅವನ ನಾಲಿಗೆ ಮೇಲಿಟ್ಟು, ನೀರು ಕುಡಿಸಿ, ಬಾಯಿ ತೆರೆಸಿ ನೋಡುತ್ತಾಳೆ. ಜೂನಿನಲ್ಲಿ ಒಂದು ಪಾಯಿಂಟ್ ಒಂದು ಬಂತು. ಸೆಪ್ಟೆಂಬರಿನಲ್ಲಿ ಸೊನ್ನೆ ಪಾಯಿಂಟ್ ನಾಲ್ಕು. ಇಳಿಯುತ್ತಿದೆ, ಆದರೆ ಮೊದಲ ಸಲದಷ್ಟು ಬೇಗ ಇಳಿಯುತ್ತಿಲ್ಲ. ಡಿಸೆಂಬರಿನದು ಮುಖ್ಯ ಎಂದಿದ್ದಾರೆ ಡಾಕ್ಟರು. ಅದು ಮತ್ತೆ ಏರಿದ್ದರೆ ಬೀಗದ ಪರೀಕ್ಷೆ ಇನ್ನೊಮ್ಮೆ ಆಗಬೇಕು.

ಈ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆದು ಖಾಲಿ ಬೆಂಚುಗಳ ಧೂಳು ಒರೆಸುತ್ತಿದ್ದೆ. ಮೆಟ್ಟಿಲ ಮೇಲೆ ನೆರಳು ಬಿತ್ತು. ಕುಳ್ಳಯ್ಯ, ಹಿಂದೆ ಚೌಡಮ್ಮ. ಇಬ್ಬರ ಕೈಯೂ ಹಣ್ಣಿನ ಅಂಟಿಗೆ ಕಪ್ಪಾಗಿತ್ತು. ಅವನ ಸೊಂಟದಲ್ಲಿ ಕುಯ್ಲಿನ ಚೀಲ ಇನ್ನೂ ಕಟ್ಟಿಯೇ ಇತ್ತು. ಪರೀಕ್ಷೆಗೆ ಗೊತ್ತು ಮಾಡಿದ ದಿನ ಅದೇ.

ಈ ತಿಂಗಳಲ್ಲಿ ಇಲ್ಲಿ ಯಾರು ಎದುರಾದರೂ ಕೇಳುವ ಮಾತು ನನ್ನ ಬಾಯಿಂದಲೂ ಬಂದುಬಿಟ್ಟಿತು. "ಹಣ್ಣು ಮುಗೀತಾ?"

"ಇಲ್ಲ. ಇನ್ನೂ ಅರ್ಧ ಗಿಡದ ಮ್ಯಾಲೇ ಐತೆ," ಎಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದ. "ತಗಳ್ಳಿ."

ಒರೆಸಿದಷ್ಟೂ ಹತ್ತಿಗೆ ಹಣ್ಣಿನ ಕಪ್ಪು ಬರುತ್ತಿತ್ತು. ಚೌಡಮ್ಮ ಅವನ ತೋಳನ್ನೂ ಸೂಜಿ ಹಿಡಿದ ನನ್ನ ಕೈಯನ್ನೂ ಸೇರಿಸಿ ಹಿಡಿದುಕೊಂಡಳು, ಆಗ ನಾನು ಚುಚ್ಚಿದೆ. ಟ್ಯೂಬು ಸಂಜೆಯ ವ್ಯಾನಿಗೆ ಹೋಯಿತು. ಇವತ್ತಿಗೆ ಒಂಬತ್ತು ದಿನ. ಹತ್ತು ಗಂಟೆಗೆ ಚೌಡಮ್ಮ ಫೋನ್ ಮಾಡಿದ್ದಳು, ಇನ್ನೂ ಬಂದಿಲ್ಲ ಎಂದೆ.